ನಂಬರ್ ಕಮ್ಮಿ ಇರುವ ಕ್ಯಾಮೆರಾ

ನನ್ನ ಚಿಕ್ಕಮ್ಮನಿಗೆ ಜನರ ಹೆಸರು ನೆನಪಿರುವುದಿಲ್ಲ, ಅವರ ಕಣ್ಣಿನ ನಂಬರ್ ನೆನಪಿರುತ್ತದೆ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಲೆನ್ಸಿನ ಅಂಚನ್ನು ತಿರುಗುವ ಕಲ್ಲಿಗೆ ಹಿಡಿದು ತೇಯ್ದು, ಫ್ರೇಮಿಗೆ ಕೂರಿಸಿ, ಸಾಸಿವೆಯಷ್ಟು ಸಣ್ಣ ಸ್ಕ್ರೂ ಬಿಗಿಯುವುದು ಅವಳ ಕೆಲಸ. ಮದುವೆಗೆ ಮುಂಚಿನಿಂದಲೂ ಅದೇ ಅಂಗಡಿ, ಅದೇ ಕುರ್ಚಿ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಚೆನ್ನಾಗಿಯೇ ನಕ್ಕು, ಅವರು ನಾಲ್ಕು ಹೆಜ್ಜೆ ದಾಟಿದ ಮೇಲೆ ನನ್ನ ಕಿವಿಯಲ್ಲಿ, "ಮೈನಸ್ ಆರು, ಪಾಪ" ಎನ್ನುತ್ತಾಳೆ. ನಂಬರ್ ಕಮ್ಮಿ ಇದ್ದವರು ಪುಣ್ಯವಂತರು, ಜಾಸ್ತಿ ಇದ್ದವರು ಪಾಪದವರು. ಅವಳ ಪ್ರಪಂಚದಲ್ಲಿ ಇರುವುದು ಇವೆರಡೇ ಜಾತಿ.

ಚಿಕ್ಕಪ್ಪ ಸಿಟಿ ಬಸ್ಸಿನ ಡ್ರೈವರ್. ಒಳ್ಳೆಯ ಮಾತುಗಾರರು, ಕೂತಲ್ಲಿ ನಿಂತಲ್ಲಿ ತಮಾಷೆ ಮಾಡುವವರು. ಆದರೆ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಚಿಕ್ಕಂದಿನಲ್ಲಿ ಯಾರೋ ಆಡಿಕೊಂಡಿದ್ದರಂತೆ. ಅಂದಿನಿಂದ ನಗು ಬಂದ ಕೂಡಲೇ ಕೈ ಬಾಯಿಗೆ ಅಡ್ಡ ಬರುತ್ತಿತ್ತು. ಅಷ್ಟುದ್ದದ ಬಸ್ಸನ್ನು ಇಕ್ಕಟ್ಟಿನ ರಸ್ತೆಯಲ್ಲಿ ಒಂದೇ ಏಟಿಗೆ ತಿರುಗಿಸುವ ಗಂಡಸು ಒಂದು ಹಲ್ಲಿಗೆ ಹೆದರುತ್ತಾರಲ್ಲ ಎಂದು ನನಗೆ ಸಿಟ್ಟೇ ಬರುತ್ತಿತ್ತು. ಮನೆಯಲ್ಲಿರುವ ಫೋಟೊಗಳಲ್ಲೆಲ್ಲ ಅವರು ಬಾಯಿ ತುಂಬ ನೀರು ಇಟ್ಟುಕೊಂಡವರ ಹಾಗೆ ನಿಂತಿದ್ದಾರೆ, ಮದುವೆಯ ಫೋಟೊದಲ್ಲಿಯೂ.

ಅವರ ಎಡಗಿವಿಯ ಕೆಳಗೆ ಗಂಟೊಂದು ಎದ್ದಿರುವುದನ್ನು ಮೊದಲು ಕಂಡವನು ಬಸ್ಸಿನ ಕಂಡಕ್ಟರ್. ಡಾಕ್ಟರು ಪರೀಕ್ಷೆ ಮಾಡಿ, ಗಂಟು ಕೆಟ್ಟದ್ದಲ್ಲ, ಆದರೆ ಬೆಳೆಯುತ್ತಿದೆ, ತೆಗೆಯಲೇಬೇಕು ಎಂದರು. ಮುಖವನ್ನು ಅಲುಗಾಡಿಸುವ ನರ ಆ ಗಂಟಿನ ಮಧ್ಯದಲ್ಲೇ ಹಾದು ಹೋಗುತ್ತದಂತೆ. ಉಳಿಸಲು ನೋಡುತ್ತೇವೆ, ಉಳಿಯದಿದ್ದರೆ ಎಡಗಡೆಯ ಮುಖ ಜೋತುಬೀಳುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

"ಬಸ್ ಓಡ್ಸೋದು ಕೈಕಾಲಲ್ಲಿ ಅಲ್ವಾ ಡಾಕ್ಟ್ರೇ, ಮುಖದಲ್ಲಿ ಅಲ್ವಲ್ಲ," ಎಂದರು ಚಿಕ್ಕಪ್ಪ. ಮರುದಿನ ಸಂಜೆ ಚಿಕ್ಕಮ್ಮ ಕೆಲಸ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದಳು.

"ನಂಗೊಂದು ಸಣ್ಣ ಕ್ಯಾಮೆರಾ ಬೇಕು ಕಣೇ. ಅಗ್ಗದ್ದು ಸಾಕು. ನೀನೂ ಬಾ ಅಂಗಡಿಗೆ."

"ಫೋನಲ್ಲೇ ತೆಗೀಬಹುದಲ್ಲ ಚಿಕ್ಕಮ್ಮ?"

"ಫೋನ್ ಎತ್ತಿದ್ರೆ ಸಾಕು, ಅವರ ಕೈ ಬಾಯಿಗೆ ಹೋಗುತ್ತೆ. ಕ್ಯಾಮೆರಾ ಆದ್ರೆ ಅಂಗಡಿ ಫ್ರೇಮುಗಳ ಫೋಟೊಗೆ ಅಂತ ಸುಳ್ಳು ಹೇಳಿ ಮನೇಲಿ ಇಟ್ಕೋತೀನಿ. ಆಪರೇಷನ್ ಆಗೋದ್ರೊಳಗೆ ಅವರ ನಗು ಒಂದಾದ್ರೂ ಸಿಗ್ಬೇಕು ನಂಗೆ. ಆಮೇಲೆ ಅದು ಇರುತ್ತೋ ಇಲ್ವೋ." ಇಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಪರೇಷನ್ ಮುಂದಿನ ವಾರವೇ ಇತ್ತು.

ಕ್ಯಾಮೆರಾ ಅಂಗಡಿಯವನು ಗಾಜಿನ ಮೇಜಿನ ಮೇಲೆ ಸಣ್ಣ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಮೆಗಾಪಿಕ್ಸೆಲ್ ಪುರಾಣ ಶುರು ಮಾಡಿದ. ಚಿಕ್ಕಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದೊಂದನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿದಳು, ಮುಷ್ಟಿಯಲ್ಲಿ ಮುಚ್ಚಿ ನೋಡಿದಳು. ನನ್ನನ್ನು ಎದುರು ನಿಲ್ಲಿಸಿ, ತಲೆ ಆಡಿಸು ಎಂದು ಹೇಳಿ ಗುಂಡಿ ಒತ್ತಿದಳು. ಮೊದಲನೆಯದರಲ್ಲಿ ನಾನು ತಲೆ ಆಡಿಸಿ ಮುಗಿಸಿದ ಮೇಲಿನ ಚಿತ್ರ ಬಂತು.

"ಇದು ಒತ್ತಿದ ಮೇಲೆ ಯೋಚನೆ ಮಾಡ್ತಾ ಕೂರುತ್ತೆ. ಬೇಡ."

ಇನ್ನೊಂದರ ಟಿಕ್ ಸದ್ದನ್ನು ನಿಲ್ಲಿಸಲು ಬರುತ್ತಿರಲಿಲ್ಲ, ಅದೂ ಬೇಡವಾಯಿತು. ಮತ್ತೊಂದು ಕೇಳದೆಯೇ ಫ್ಲ್ಯಾಶ್ ಹೊಡೆಯಿತು. ಕೊನೆಗೆ ಉಳಿದವು ಎರಡು. ಎರಡೂ ಚುರುಕು, ಎರಡರ ಬೆಲೆಯೂ ಹೆಚ್ಚು ಕಮ್ಮಿ ಒಂದೇ. ಒಂದರ ಮೇಲೆ ಮೂರು ಎಂದೂ ಇನ್ನೊಂದರ ಮೇಲೆ ಎಂಟು ಎಂದೂ ಅಚ್ಚಾಗಿತ್ತು. ಅಷ್ಟರಲ್ಲಿ ನನಗೆ ಆಫೀಸಿನಿಂದ ಫೋನ್ ಬಂತು, ನಾನು ಹೊರಗೆ ಹೋದೆ. ಒಳಗೆ ಬರುವಾಗ ಚಿಕ್ಕಮ್ಮ ಮೂರರದ್ದನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅಂಗಡಿಯವನು ಮುಖ ಹುಳ್ಳಗೆ ಮಾಡಿಕೊಂಡಿದ್ದ.

"ಎಂಟರದ್ದೇ ತಗೊಳ್ಳಿ ಅಂತ ಬಡ್ಕೊಂಡೆ, ಕೇಳ್ಲಿಲ್ಲ," ಎಂದ. ಮೂರರದ್ದು ಇನ್ನೂ ಹಗುರವಿರಬೇಕು, ಅದಕ್ಕೇ ಆರಿಸಿದ್ದಾಳೆ ಎಂದುಕೊಂಡು ನಾನೂ ಸುಮ್ಮನಾದೆ.

ಆಮೇಲೆ ಶುರುವಾಯಿತು ಬೇಟೆ. ಚಿಕ್ಕಮ್ಮ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಹಾಲಿನಲ್ಲಿ ಟಿವಿ ನೋಡುವ ಗಂಡನ ಫೋಟೊ ತೆಗೆದಳು. ಚಿತ್ರದಲ್ಲಿ ಸೋಫಾ ಚೆನ್ನಾಗಿ ಬಂದಿತ್ತು, ಚಿಕ್ಕಪ್ಪ ಹೆಬ್ಬೆರಳಿನ ಉಗುರಿನಷ್ಟಿದ್ದರು. ಬಟ್ಟೆ ಒಣಗಿಸುವ ನೆಪದಲ್ಲಿ ಕಿಟಕಿಯಿಂದ ತೆಗೆದಳು, ಟವೆಲ್ ಬಂತು. ಧೈರ್ಯ ಮಾಡಿ ಹತ್ತಿರ ಹೋದರೆ ಅವರು ಕಣ್ಣು ಅಗಲಿಸಿ, "ಏನೇ ಅದು, ನಂಗೂ ಕನ್ನಡಕ ಮಾರ್ತೀಯಾ?" ಎಂದು ನಗುತ್ತಿದ್ದರು. ಕೈ ಆಗಲೇ ಬಾಯಿಯ ಮೇಲೆ. ದಿನ ಕಳೆದಂತೆ ಚಿಕ್ಕಮ್ಮನ ಊಟ ಕಮ್ಮಿಯಾಯಿತು. ಎಲ್ಲದಕ್ಕೂ ರೇಗತೊಡಗಿದಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ನಾನು ಅವರ ಮನೆಗೆ ಹೋದಾಗ ಚಿಕ್ಕಪ್ಪ ಸ್ಟೂಲ್ ಮೇಲೆ ನಿಂತು ಹಾಲಿನ ಟ್ಯೂಬ್‌ಲೈಟ್ ಬದಲಾಯಿಸುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಸ್ಟೂಲ್ ಹತ್ತಲು ಬಿಡುವುದಿಲ್ಲ, ಈಗಲೇ ಮುಗಿಸುತ್ತೇನೆ ಎಂದು ಅವರ ಹಟ. ಚಿಕ್ಕಮ್ಮ ಒಂದು ಕೈಯಲ್ಲಿ ಸ್ಟೂಲ್ ಹಿಡಿದಿದ್ದಳು, ಇನ್ನೊಂದರಲ್ಲಿ ಕ್ಯಾಮೆರಾ ಇತ್ತು. ಅಷ್ಟೂ ದಿನದ ಚಿತ್ರಗಳನ್ನು ನನಗೆ ತೋರಿಸುತ್ತ, "ನೋಡು, ಎಲ್ಲಾ ಇರುವೆ ಥರ ಬಂದಿದೆ," ಎಂದಳು.

"ಜೂಮ್ ಮಾಡ್ಬೇಕು ಚಿಕ್ಕಮ್ಮ, ದೂರದ್ದು ಹತ್ರ ಬರುತ್ತೆ."

"ಮಾಡ್ದೆ. ಇಷ್ಟೇ ಬರೋದು."

"ಇದರ ಜೂಮ್ ಬರೀ ಮೂರು. ಎಂಟರದ್ದು ಇತ್ತಲ್ಲ, ಯಾಕೆ ಬಿಟ್ಟೆ?"

ಚಿಕ್ಕಮ್ಮ ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. "ಎಂಟಾ? ಎಂಟು ನಂಬರ್ ಅಂದ್ರೆ ಸೋಡಾಬುಡ್ಡಿ ಕಣೇ! ಅದಕ್ಕೆ ಎದುರಿಗೆ ನಿಂತಿರೋರೇ ಕಾಣಲ್ಲ, ಇನ್ನು ಫೋಟೊ ಏನು ತೆಗೆಯುತ್ತೆ? ಅಷ್ಟು ಕಣ್ಣು ಹಾಳಾಗಿರೋದನ್ನ ಹೊಸದು ಅಂತ ಮಾರ್ತಿದ್ದ, ಕಳ್ಳ. ಅದಕ್ಕೇ ನಂಬರ್ ಕಮ್ಮಿ ಇರೋದು ಕೊಡಿ ಅಂದೆ."

ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ. ಮೇಲಿನಿಂದ ಮೊದಲು ಗೊರಕೆಯಂಥ ಸದ್ದೊಂದು ಬಂತು. ಆಮೇಲೆ ಚಿಕ್ಕಪ್ಪ ನಗತೊಡಗಿದರು. ಎರಡೂ ಕೈಯಲ್ಲಿ ಟ್ಯೂಬ್‌ಲೈಟ್, ಬಿಟ್ಟರೆ ನೆಲಕ್ಕೆ ಬಿದ್ದು ಪುಡಿಯಾಗುತ್ತಿತ್ತು. "ಕ್ಯಾಮೆರಾಗೂ... ಕನ್ನಡಕ ಹಾಕ್ಸು... ಮಾರಾಯ್ತಿ!" ಎನ್ನುತ್ತ ಹೊಟ್ಟೆ ಹಿಡಿದುಕೊಳ್ಳಲೂ ಕೈಯಿಲ್ಲದೆ ನಕ್ಕರು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಚಿಕ್ಕಮ್ಮನಿಗೆ ತಾನೇನು ತಪ್ಪು ಹೇಳಿದೆ ಎಂದು ತಿಳಿಯಲಿಲ್ಲ. ಆದರೆ ಅವಳು ಸ್ಟೂಲನ್ನು ಬಿಟ್ಟಳು, ಕತ್ತೆತ್ತಿ ಕ್ಯಾಮೆರಾ ಹಿಡಿದು ಒತ್ತಿದಳು.

ಫೋಟೊ ಕೆಳಗಿನಿಂದ ತೆಗೆದದ್ದು. ಮೂಗಿನ ಹೊಳ್ಳೆಗಳು, ಎರಡು ದಿನದ ಗಡ್ಡ, ಮುಚ್ಚಿದ ಕಣ್ಣು, ಪೂರ್ತಿ ತೆರೆದ ಬಾಯಿ, ಅದರಲ್ಲಿ ಆ ಹಲ್ಲು. ಯಾವ ಸ್ಟುಡಿಯೋದವನೂ ಗೋಡೆಗೆ ಹಾಕುವಂಥದ್ದಲ್ಲ. ಚಿಕ್ಕಮ್ಮ ಅದನ್ನು ಅವರಿಗೆ ತೋರಿಸಲಿಲ್ಲ, ನೋಡಿದರೆ ಅಳಿಸು ಎನ್ನುತ್ತಾರೆ ಎಂಬ ಭಯ ಅವಳಿಗೆ. ಕ್ಯಾಮೆರಾವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ನರ ಗಂಟಿಗೆ ಸುತ್ತಿಕೊಂಡಿತ್ತಂತೆ, ಡಾಕ್ಟರು ಏನೇ ಮಾಡಿದರೂ ಉಳಿಯಲಿಲ್ಲ. ಚಿಕ್ಕಪ್ಪನ ಮುಖದ ಎಡಭಾಗ ಕೆಳಗಿಳಿಯಿತು. ಕಣ್ಣಿಗೆ ಆಗಾಗ ಹನಿ ಹಾಕಬೇಕು, ನೀರು ಕುಡಿದರೆ ಒಂದು ಕಡೆಯಿಂದ ಸೋರುತ್ತದೆ. ಡಿಪೋದವರು ಅವರಿಗೆ ಬಸ್ಸುಗಳ ತಪಾಸಣೆಯ ಕೆಲಸ ಕೊಟ್ಟರು. ಅವರು ಹೋಗುತ್ತಿದ್ದರು, ಬರುತ್ತಿದ್ದರು. ತಮಾಷೆ ಮಾಡುವುದನ್ನು ಮಾತ್ರ ನಿಲ್ಲಿಸಿದ್ದರು.

ಒಂದು ಭಾನುವಾರ ಬೀರುವಿನಲ್ಲಿ ಏನೋ ಹುಡುಕುವಾಗ ಕ್ಯಾಮೆರಾ ಅವರ ಕೈಗೆ ಸಿಕ್ಕಿತು. ನಾನು ಚಿಕ್ಕಮ್ಮನ ಜೊತೆ ಊಟದ ಮೇಜಿನಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಅವರು ಅದನ್ನು ಆನ್ ಮಾಡುತ್ತಲೇ ಬಂದು ನಮ್ಮೆದುರು ಕೂತರು. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ಅವರು ತುಂಬ ಹೊತ್ತು ನೋಡಿದರು. ಗುಂಡಿ ಒತ್ತಿ ಚಿತ್ರವನ್ನು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು.

"ಇದು ನಾನಾ?" ಎಂದರು.

"ಇನ್ಯಾರು ಮತ್ತೆ," ಎಂದಳು ಚಿಕ್ಕಮ್ಮ.

"ಹಲ್ಲು ಅಷ್ಟೇನೂ ಅಸಹ್ಯವಾಗಿ ಕಾಣಲ್ಲ, ಅಲ್ವೇನೇ?"

"ಇಲ್ಲ ರೀ. ಯಾವತ್ತೂ ಕಾಣ್ತಿರ್ಲಿಲ್ಲ. ನಾನು ನಿಮ್ಮನ್ನ ಒಪ್ಕೊಂಡಿದ್ದೇ ಆ ಹಲ್ಲು ನೋಡಿ."

"ಹಾಗಂತ ನಂಗೆ ಯಾವತ್ತೂ ಹೇಳ್ಲೇ ಇಲ್ವಲ್ಲ ನೀನು."

"ಹೇಳಿದ್ರೆ ಕೈ ಅಡ್ಡ ಇಡೋದು ಬಿಡ್ತಿದ್ರಾ?" ಎಂದಳು ಚಿಕ್ಕಮ್ಮ, ಎಂದಿನ ಹಾಗೆ ಜೋರು ಮಾಡಿ.

"ಬಿಡ್ತಿದ್ದೆ," ಎಂದರು ಚಿಕ್ಕಪ್ಪ.