ಹಾಯಿಯ ಕೊನೆಯ ಮೂಲೆ

ಗಾಜಿಪುರ ಓಣಿಯ ಮಕ್ಬೂಲ್ ಮೂವತ್ತು ವರ್ಷದಿಂದ ಲಾರಿಗಳಿಗೆ ತಾಡಪತ್ರಿ, ಮದುವೆಗಳಿಗೆ ಶಾಮಿಯಾನ ಹೊಲಿಯುತ್ತ ಬಂದವನು. ಒಳ್ಳೆಯ ಕೆಲಸಗಾರ. ಆದರೆ ಒಂದು ರೋಗವಿತ್ತು: ಕಮಲಾಪುರದ ನಬಿಸಾಬ್‌ಗೆ ಏನಾದರೂ ಒಳ್ಳೆಯದಾಯಿತೆಂದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಜಗತ್ ಬಡಾವಣೆಯ ಒಂದೇ ಅಂಗಡಿಯಲ್ಲಿ, ಒಬ್ಬನೇ ಉಸ್ತಾದನ ಹತ್ತಿರ ಇಬ್ಬರೂ ಸೂಜಿ ಹಿಡಿಯಲು ಕಲಿತಿದ್ದರು. ಅಂದಿನಿಂದಲೂ ಇದೇ ಪಾಡು.

ಈ ಸಲ ನಬಿಸಾಬ್‌ಗೆ ಸಮುದ್ರದ ಕೆಲಸವೇ ಸಿಕ್ಕಿತ್ತು. ಖೂಬಾ ಪ್ಲಾಟ್ ಬಡಾವಣೆಯ ಸುನೀಲಕುಮಾರ ನೌಕಾಪಡೆಯಿಂದ ನಿವೃತ್ತನಾಗಿ ಅಂಡಮಾನಿನಲ್ಲಿ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದ. ದಂಡೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ತಿಂಗಳುಗಟ್ಟಲೆ ತಿರುಗುವ ಆಸೆ ಅವನದು. ದೋಣಿಯ ಹಗ್ಗ, ಹಲಗೆ, ಬಣ್ಣದ ಕೆಲಸವೆಲ್ಲ ಅಲ್ಲಿಯೇ ನಡೆದಿತ್ತು. ಹರಿದ ದೊಡ್ಡ ಹಾಯಿಯನ್ನು ಮಾತ್ರ ಮಡಿಸಿಕೊಂಡು ಊರಿಗೆ ತಂದಿದ್ದ. ಅದನ್ನು ಬಿಡಿಸಿ ಹಾಸಲು ಮಕ್ಬೂಲನ ಅಂಗಡಿ ಸಾಲಲಿಲ್ಲ. ನಬಿಸಾಬ್‌ಗೆ ಉದ್ದನೆಯ ಶೆಡ್ಡಿತ್ತು. ಹೀಗಾಗಿ ಹಾಯಿ ಕಮಲಾಪುರಕ್ಕೆ ಹೋಯಿತು. ಅದನ್ನು ತುಂಬಿಡುವ ಚೀಲ ಹೊಲಿಯುವ ಕೆಲಸ ಮಕ್ಬೂಲನ ಪಾಲಿಗೆ ಬಂತು.

“ಅವಂಗ ಹಾಯಿ, ನನಗ ಚೀಲಾ,” ಎಂದು ಅವನು ಹೆಂಡತಿಯ ಮುಂದೆ ಗೊಣಗಿದ.

“ಚೀಲಾನೇ ಚಂದಾಗಿ ಹೊಲೀರಿ ಮತ್ತ,” ಎಂದಳು ಮುನೀರಾ, ರೊಟ್ಟಿ ತಿರುವಿಹಾಕುತ್ತ.

ಚೀಲದ ಅಳತೆಯ ನೆಪ ಹೇಳಿ ಮಕ್ಬೂಲ್ ಕಮಲಾಪುರದ ಬಸ್ಸು ಹತ್ತಿದ. ನಿಜವಾಗಿ ಹೊರಟದ್ದು ನಬಿಸಾಬ್‌ನ ಕೆಲಸದಲ್ಲಿ ತಪ್ಪು ಹುಡುಕಲು. ಮೊದಲು ಕಂಡದ್ದು ಹರಿದಲ್ಲಿ ಹಾಕಿದ ತೇಪೆ. ಎಷ್ಟು ಚೊಕ್ಕವಾಗಿತ್ತೆಂದರೆ ಮಕ್ಬೂಲನ ಮೈಯೆಲ್ಲ ಉರಿಯಿತು. ಆಮೇಲೆ ಅಂಚಿನ ಕಡೆ ನೋಡಿದ. ಅಲ್ಲಿ ಸೀಮೆಸುಣ್ಣದಿಂದ ನೇರ ಗೆರೆ ಎಳೆದು ನಬಿಸಾಬ್ ಕತ್ತರಿ ಹಿಡಿದು ಕೂತಿದ್ದ.

“ಅಂಚು ಡೊಂಕ ಅದ, ನಡುವ ಬಟ್ಟಿ ಉಬ್ಬತದ. ಹೆಚ್ಚಿಂದು ತಗದು ಸಪಾಟ ಮಾಡ್ತೀನಿ.”

ತಾಡಪತ್ರಿ ಉಬ್ಬಿದರೆ ಮಳೆನೀರು ನಿಲ್ಲುತ್ತದೆ. ಸಪಾಟು ಮಾಡಬೇಕೆಂದು ಉಸ್ತಾದ ಇಬ್ಬರಿಗೂ ಹೊಡೆದು ಕಲಿಸಿದ್ದ. ಆದರೆ ಮಕ್ಬೂಲ್ ಶಾಮಿಯಾನಕ್ಕೆ ಗುಮ್ಮಟ ಹೊಲಿದವನು. ಅಂಚಿನ ಡೊಂಕಿನಿಂದಲೇ ಬಟ್ಟೆಗೆ ಹೊಟ್ಟೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಈ ಹಾಯಿಯನ್ನು ಕತ್ತರಿಸಿದರೆ ಗಾಳಿ ನಿಲ್ಲದು, ದೋಣಿ ಸಾಗದು, ನಬಿಸಾಬ್‌ನ ಹೆಸರು ದ್ವೀಪದ ತನಕ ಕೆಡುತ್ತದೆ. ಆಹಾ, ಎಂಥ ಸವಿ. ಮಕ್ಬೂಲ್ ಸುಮ್ಮನೆ ಚಹಾ ಕುಡಿಯುತ್ತ ಕೂತ.

ಕತ್ತರಿ ಬಾಯಿ ತೆರೆಯಿತು. ಆಗ ಅವನಿಗೆ ಹೊಳೆಯಿತು: ಸುಮ್ಮನಿದ್ದರೆ ತನಗೆ ಗೊತ್ತಿತ್ತೆಂಬುದು ಯಾರಿಗೂ ತಿಳಿಯುವುದಿಲ್ಲ. ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

“ನಿಂದ್ರು. ಅದು ಗಾಳಿ ಕೂಡೋ ಜಾಗಾ. ಕೊಯ್ಯಬ್ಯಾಡ.”

ನಬಿಸಾಬ್ ನಂಬಲಿಲ್ಲ, ಸುನೀಲಕುಮಾರನಿಗೆ ಫೋನು ಹಚ್ಚಿದ. “ಅಂಚ ಮುಟ್ಟಬ್ಯಾಡ್ರಿ. ಆ ಉಬ್ಬ ಇದ್ರನ ದೋಣಿ ಮುಂದ ಹೋಗತದ,” ಎಂದ ಅವನು. ನಬಿಸಾಬ್ ಕತ್ತರಿ ಕೆಳಗಿಟ್ಟ. ಮಕ್ಬೂಲ್ ಎದೆ ಉಬ್ಬಿಸಿ ಎರಡನೇ ಚಹಾ ಕೇಳಿದ.

ಸಂಜೆಗೆ ಹೊಲಿಗೆ ಮುಗಿಯುತ್ತ ಬಂತು. ಕೆಲಸ ಮುಗಿಸಿದವನು ಕೊನೆಯ ಮೂಲೆಯನ್ನು ತನ್ನ ಬಣ್ಣದ ನೂಲಿನಿಂದ ಮುಚ್ಚಬೇಕೆಂಬುದು ಉಸ್ತಾದನ ಅಂಗಡಿಯ ರೂಢಿ. ನಬಿಸಾಬ್‌ನದು ಕೆಂಪು, ಮಕ್ಬೂಲನದು ಹಸಿರು. ನಬಿಸಾಬ್ ಸೂಜಿಗೆ ಹಸಿರು ನೂಲು ಪೋಣಿಸಿ ಮುಂದೆ ಚಾಚಿದ.

“ಕೊನೀ ಮೂಲಿ ನೀ ಹಾಕು. ನೀ ಇಲ್ಲಂದ್ರ ಹಾಳಾಗತಿತ್ತು.”

ಮಕ್ಬೂಲ್ ಹಾಕಿದ. ಹೊಲಿಗೆ ಚೆನ್ನಾಗಿಯೇ ಬಿತ್ತು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಹಸಿರು ನೂಲು ಒಂದಿಷ್ಟೂ ಸುಖ ಕೊಡಲಿಲ್ಲ. ತಾನಾಗಿದ್ದರೆ ಆ ಮೂಲೆಯನ್ನು ಬಿಟ್ಟುಕೊಡುತ್ತಿರಲಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ನಬಿಸಾಬ್‌ನ ಶೆಡ್ಡಿನ ಮೇಲೆ, ಕೆಲಸದ ಮೇಲೆ ಹೊಟ್ಟೆ ಉರಿಯುತ್ತಿತ್ತು; ಈಗ ಅವನ ದೊಡ್ಡ ಮನಸ್ಸಿನ ಮೇಲೂ ಉರಿಯತೊಡಗಿತು.