ಅನ್ನ ಮುಟ್ಟದ ಬೆರಳು

ಮುದ್ದೆ ಮುರಿಯುವಾಗ ನಮ್ಮ ಮಾವನ ಬಲಗೈ ತೋರುಬೆರಳು ನೆಟ್ಟಗೆ ನಿಂತಿರುತ್ತಿತ್ತು. ಉಳಿದ ಬೆರಳುಗಳು ಸಾರಿನಲ್ಲಿ ಮುಳುಗೇಳುತ್ತಿದ್ದರೆ ಅದೊಂದು ಮಾತ್ರ ಒಣಗಿಕೊಂಡು, ಯಾರನ್ನೋ ತೋರಿಸುವಂತೆ ಇರುತ್ತಿತ್ತು. ಹಾರನಹಳ್ಳಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಪೆಟ್ಟಾಗಿರಬೇಕೆಂದು ಕೇಳಿಯೇಬಿಟ್ಟೆ.

"ಪೆಟ್ಟೇನಿಲ್ಲ ಕಣವ್ವ. ಅದಕ್ಕೆ ಅನ್ನ ಮುಟ್ಟಿಸಬಾರ್ದು," ಎಂದರು.

ಕಾರಣ ಹೇಳಿದವರು ಅತ್ತೆ. ಮಾವ ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ಊರಿಗೆ ಮರಳಿದ ಮೇಲೆ ಬೆಳೆ ಕಾಯಲು ಲೈಸೆನ್ಸ್ ಪಡೆದು ಒಂದು ಬೋಲ್ಟ್ ರೈಫಲ್ ಇಟ್ಟುಕೊಂಡಿದ್ದರು. ತಮ್ಮನೊಂದಿಗೆ ಪಾಲಿನ ಜಗಳವಾದ ವಾರವೇ, ಜಿಟಿಜಿಟಿ ಮಳೆಯಲ್ಲಿ, ರಾಗಿ ಹೊಲಕ್ಕೆ ನುಗ್ಗಿದ ಹಂದಿಗೆ ಗುಂಡು ಹಾರಿಸಿದರು. ಗುಂಡು ಎಡಕ್ಕೆ ಹೋಗಿ, ಬದುವಿನ ಮೇಲೆ ನಿಂತಿದ್ದ ತಮ್ಮನ ಕಂಬಳಿಯನ್ನು ತೂತು ಮಾಡಿತು. ಮೈಗೆ ತಾಗಲಿಲ್ಲ.

"ಬೇಕಂತ್ಲೇ ಹೊಡ್ದೆ ಕಣಣ್ಣ ನೀನು," ಎಂದ ತಮ್ಮ, ಹಳೇಬೀಡಿನಲ್ಲಿದ್ದ ಹೆಂಡತಿಯ ತವರುಮನೆ ಸೇರಿ, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆ ಮಾತು ನಿಜವೇ ಇರಬಹುದೇನೋ ಎಂದು ಮಾವನಿಗೇ ಅನುಮಾನ ಹತ್ತಿಬಿಟ್ಟಿತು. ಟ್ರಿಗರ್ ಎಳೆದ ಬೆರಳಿಗೆ ಅಂದಿನಿಂದ ಅನ್ನ ಮುಟ್ಟಿಸಲಿಲ್ಲ.

ಬೇಸಿಗೆಯಲ್ಲಿ ಆ ರೈಫಲ್ ಗುರಿ ತಪ್ಪುತ್ತಿರಲಿಲ್ಲ. ಮಳೆ ಹಿಡಿದರೆ ಗುಂಡು ನಾಲ್ಕು ಬೆರಳಷ್ಟು ಎಡಕ್ಕೆ. ಮರದ ಹಿಡಿ ತೇವಕ್ಕೆ ಊದಿಕೊಂಡು ಕಬ್ಬಿಣವನ್ನು ಒತ್ತುತ್ತದೆ ಎಂದು ಮಾವ ಹೇಳುತ್ತಿದ್ದರು. ಮೊದಲ ಮಳೆಗೆ ಗೋಡೆಯ ಮೇಲಿದ್ದ ರೈಫಲ್ ತಾನಾಗಿಯೇ 'ಟಕ್' ಎನ್ನುತ್ತಿತ್ತು. ನಾನೇ ಕಿವಿಯಾರೆ ಕೇಳಿದ್ದೇನೆ.

ಒಂದು ಬೇಸಿಗೆ ನಡುಮನೆಯಲ್ಲೇ ಕೆಲಸಕ್ಕೆ ಕೂತರು. ಅರಸೀಕೆರೆಯ ಲೇತ್ ಅಂಗಡಿಯಲ್ಲಿ ಎರಡು ಅಲ್ಯೂಮಿನಿಯಂ ಬುಷ್, ಪುಟ್ಟ ಕಂಬದಂಥ ಕೊಳವೆಗಳು, ಮಾಡಿಸಿ ತಂದಿದ್ದರು. ಮರದಲ್ಲಿ ಸ್ಕ್ರೂ ಕೂರುವ ತೂತುಗಳನ್ನು ಅಗಲಿಸಿ, ಬುಷ್‌ಗಳನ್ನು ಅಂಟು ಹಾಕಿ ನಿಲ್ಲಿಸಿದರು. ಕಬ್ಬಿಣ ಅಂಟಿಗೆ ಕಚ್ಚಿಕೊಳ್ಳದಿರಲೆಂದು ಅದಕ್ಕೆ ಬೂಟ್ ಪಾಲಿಶ್ ಬಳಿದರು. ಇನ್ನು ಮರ ಎಷ್ಟೇ ಊದಲಿ, ರೈಫಲ್ಲಿನ ಭಾರವೆಲ್ಲ ಆ ಎರಡು ಕಂಬಗಳ ಮೇಲೆ.

"ಹಳೇಬೀಡ್ನ ಗುಡಿ ಕಂಬ ನೋಡಿದ್ದೀಯಲ್ಲವ್ವ, ಮಳೆ ಬಂದ್ರೆ ಅವು ಊದ್ಕತವಾ?" ಎಂದರು, ಖುಷಿಯಿಂದ.

ನನ್ನ ಬಾಯಿಗೆ ಬೀಗವಿಲ್ಲ. "ಆಗ್ಲೂ ಎಡಕ್ಕೇ ಹೋದ್ರೆ ಮಾವ?"

"ಹೋದ್ರೆ ಮರದ್ದಲ್ಲ, ನನ್ನ ಕೈದೇ ತಪ್ಪು. ನನ್ನೊಳಗೇ ಆ ಪಾಪ ಐತೆ ಅಂತ."

ಮಳೆ ಬಂತು. ಗೋಡೆಯ ಮೇಲೆ 'ಟಕ್' ಎಂದಿತು. ಮಾವ ನನ್ನ ಮುಖ ನೋಡಿದರು. ಹೊಲದಲ್ಲಿ ಬಿದ್ದಿದ್ದ ತೆಂಗಿನ ಕೊರಡಿಗೆ ಸುಣ್ಣದ ಬೊಟ್ಟಿಟ್ಟು ಹೊಡೆದರು. ನಾಲ್ಕು ಬೆರಳು ಎಡಕ್ಕೆ. ರೈಫಲ್ ಒರೆಸಿ ಗೋಡೆಗೇರಿಸಿದರು. ಆಮೇಲೆ ಇಳಿಸುತ್ತಿದ್ದದ್ದು ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಒಪ್ಪಿಸಲು ಮಾತ್ರ. ತೀರಿಕೊಳ್ಳುವವರೆಗೂ ಆ ಬೆರಳು ಅನ್ನ ಮುಟ್ಟಲಿಲ್ಲ.

ಲೈಸೆನ್ಸ್ ನನ್ನ ಗಂಡನ ಹೆಸರಿಗಾಯಿತು. ಮುಂದಿನ ಮಳೆಗೆ ಅವರು ಅದೇ ಕೊರಡಿಗೆ ಹೊಡೆದರು. ನಾಲ್ಕು ಬೆರಳು ಎಡಕ್ಕೆ! ನಾನು ಎಸ್‌ಟಿಡಿ ಬೂತಿಗೆ ಓಡಿ ಹಳೇಬೀಡಿನಲ್ಲಿದ್ದ ಮಾವನ ತಮ್ಮನಿಗೆ ಫೋನು ಮಾಡಿದೆ. "ಮಳೆ ಬಿಡೋದ್ರೊಳಗೆ ಒಂದು ಸಲ ಬಂದು ನೋಡ್ರಿ ಚಿಕ್ಕಮಾವ" ಎಂದು ಅಂಗಲಾಚಿದೆ.

ಬಂದರು. ನನ್ನ ಗಂಡ ಹೊಡೆದು ತೋರಿಸಿದ್ದನ್ನು ನಂಬಲಿಲ್ಲ. "ಅಪ್ಪನ ಮಾನ ಉಳಿಸಕ್ಕೆ ಬೇಕಂತ್ಲೇ ತಪ್ಪಿಸ್ತಿದ್ದೀಯ. ಕೊಡ್ಲಾ ಇಲ್ಲಿ," ಎಂದು ಕಿತ್ತುಕೊಂಡು ತಾವೇ ಗುರಿಯಿಟ್ಟರು. ಗುಂಡು ನಮ್ಮಿಬ್ಬರ ಕಣ್ಣೆದುರೇ ಎಡಕ್ಕೆ ಹೋಗಿ ನಾಟಿತು.

ಚಿಕ್ಕಮಾವ ಕೆಸರಿನಲ್ಲೇ ಕುಕ್ಕರಿಸಿದರು. "ಅಣ್ಣನ ಕೈ ಅಲ್ಲ ಕಣವ್ವ," ಎಂದು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ, "ಹಂಗಾದ್ರೆ ಯಾರ್ದು?" ಎಂದರು. ಆ ಮೊದಲ ಮಾತನ್ನು ಕೇಳಲು ಮಾವ ಇರಬೇಕಿತ್ತು.

ಮಾವನ ಬೆರಳಿನ ವ್ರತ ಶುರುವಾದದ್ದು ತಮ್ಮ ಊರು ಬಿಟ್ಟ ಮೇಲೆ. ಚಿಕ್ಕಮಾವ ಅದನ್ನು ಕಂಡವರಲ್ಲ, ನಾವು ಹೇಳಿಯೂ ಇರಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತರು. ಮುದ್ದೆಗೆ ಕೈ ಹಾಕಿದರು.

ಟ್ರಿಗರ್ ಎಳೆದಿದ್ದ ತೋರುಬೆರಳು ನೆಟ್ಟಗೆ ನಿಂತಿತ್ತು.

ಇನ್ನೊಂದು ಸೌಟು ಸಾರು ಬಡಿಸಿದೆ.