ಲವಂಗಕ್ಕೆ ನೀರು ಹೊಯ್ದ ಮೂರ್ತಪ್ಪ

ಚಿತ್ರದುರ್ಗದ ಹತ್ತಿ ಮಿಲ್ಲಿನಲ್ಲಿ ತಕ್ಕಡಿಯ ಪಕ್ಕ ಕೂರುತ್ತಿದ್ದ ಮೂರ್ತಪ್ಪ ಕಣ್ಣು ಬಿಟ್ಟುಕೊಂಡೇ ಕನಸು ಕಾಣುತ್ತಿದ್ದ. ತಪ್ಪು ಪೂರ್ತಿ ಅವನದಲ್ಲ. ಬೆಳಗಿನಿಂದ ಸಂಜೆಯವರೆಗೆ ಮೂಗಿನ ಮುಂದೆ ಹತ್ತಿಯ ಎಳೆ ತೇಲುತ್ತಿದ್ದರೆ ಯಾರಿಗಾದರೂ ಮೋಡದೊಳಗೆ ಕುಂತಂತೆ ಅನ್ನಿಸುತ್ತದೆ. ಮನೆಗೆ ಹೊರಟಾಗ ಹುಬ್ಬಿನ ಮೇಲೂ ಹತ್ತಿ ಕೂತು, ಮೂವತ್ತಕ್ಕೇ ತಾತನಾದವನಂತೆ ಕಾಣುತ್ತಿದ್ದ.

ಎಪ್ಪತ್ತಾರನೆಯ ಇಸವಿಯ ಚಳಿಗಾಲದಲ್ಲಿ ಆ ಮೋಡದೊಳಗೆ ಇದ್ದದ್ದು ಒಂದೇ ಕನಸು: ಹೆಂಡತಿ ಸಿದ್ದಕ್ಕ ಕೂಸನ್ನೆತ್ತಿಕೊಂಡು ಹಿರಿಯೂರಿನ ಹತ್ತಿರದ ಆದಿವಾಲದ ತವರಿನಿಂದ ಬಂದು ಬಸ್ಸಿಳಿಯುವುದು. ಬಾಣಂತನ ಮುಗಿದಿದ್ದರೂ ಅವಳ ತಾಯಿ ಬರಗೇರಮ್ಮ ಕಳಿಸಲು ಒಪ್ಪಿರಲಿಲ್ಲ. ಬರಗೇರಮ್ಮ ಅವನ ಅಪ್ಪನ ತಂಗಿಯೂ ಹೌದು. ಹಾಗಾಗಿ ಅತ್ತೆಯಾಗಿಯೂ ಸೋದರತ್ತೆಯಾಗಿಯೂ ಅವನನ್ನು ಬೈಯುವ ಹಕ್ಕು ಅವಳಿಗಿತ್ತು. ಕೋಟೆಯ ಬಂಡೆ ಕೆಳಗಿನ ಆ ಬಾಡಿಗೆ ಮನೆಯಲ್ಲಿ ಕಲ್ಲು ಬಿಟ್ಟರೆ ಏನೂ ಹುಟ್ಟುವುದಿಲ್ಲ, ಹಾಲು ಕೊಡುವ ತಾಯಿಗೆ ಒಂದು ಹಿಡಿ ಸೊಪ್ಪಿಲ್ಲದ ಕಡೆ ಮಗಳನ್ನು ಬಿಡಲಾರೆ ಎಂದು, ಕರೆಯಲು ಹೋದವನಿಗೆ ಅವಳು ಹೇಳುವಾಗ, ಕೂಸು ಮೂರ್ತಪ್ಪನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅದೇ ಗುಂಗಿನಲ್ಲಿ ಅವನು, ಬಾಗಿಲಲ್ಲೇ ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಬೆಳೆದಿಟ್ಟಿರುತ್ತೇನೆ, ಬೇಕಾದರೆ ಬಂದು ನೋಡು ಎಂದುಬಿಟ್ಟ.

ಅವನ ವಂಶದಲ್ಲಿ ಸೊಪ್ಪು ಬೆಳೆದವರು ಯಾರೂ ಇರಲಿಲ್ಲ. ಎಲ್ಲರೂ ಕುರಿ ಕಾಯ್ದವರು. ಸೊಪ್ಪೆಂದರೆ ಕುರಿಯ ಬಾಯಿಗೆ ಹೋಗುವಂಥದ್ದು ಎಂಬಷ್ಟೇ ತಿಳುವಳಿಕೆ. ಆದರೂ ಬಿ.ದುರ್ಗದ ಅಣ್ಣನಿಂದ ಒಂದು ಚೀಲ ಕುರಿಗೊಬ್ಬರ ತರಿಸಿದ. ಖಾಲಿ ಡಾಲ್ಡಾ ಡಬ್ಬಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಣ್ಣು ಗೊಬ್ಬರ ಕಲಸಿ ತುಂಬಿ, ಜಗಲಿಯ ಮೇಲೆ ಸಾಲಾಗಿ ಇಟ್ಟ. ಬೀಜಕ್ಕಾಗಿ ಅಂಗಡಿಗೆ ಹೋಗದೆ, ಸಿದ್ದಕ್ಕನ ಒಗ್ಗರಣೆ ಡಬ್ಬಿಯನ್ನೇ ತೆರೆದ.

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಟೀ ಇಸಿದುಕೊಳ್ಳುವ ನಮ್ಮಂಥ ಗಂಡಸರಿಗೆ ಆ ಡಬ್ಬಿಯಲ್ಲಿ ಇರುವುದೆಲ್ಲ ಬೀಜವೇ. ಮೂರ್ತಪ್ಪ ಒಂದನ್ನೂ ಬಿಡಲಿಲ್ಲ. ಮೆಂತ್ಯ ಹಾಕಿದ, ಸಾಸಿವೆ ಹಾಕಿದ, ಕೊತ್ತಂಬರಿ ಹಾಕಿದ, ಸಬ್ಬಸಿಗೆಯೆಂದುಕೊಂಡು ಜೀರಿಗೆ ಹಾಕಿದ. ಉಳಿದದ್ದು ಲವಂಗ. ಮೂಸಿ ನೋಡಿದ. ಕಾಳೇ ಇಷ್ಟು ಘಮಘಮಿಸಿದರೆ ಗಿಡ ಇನ್ನೆಷ್ಟು ಘಮ್ಮೆನ್ನಬೇಕು! ಎಲ್ಲಕ್ಕಿಂತ ದೊಡ್ಡ ಡಬ್ಬವನ್ನು ಅದಕ್ಕೇ ಮೀಸಲಿಟ್ಟು, ಮೊಳೆ ಹೊಡೆದಂತೆ ನೆಟ್ಟಗೆ ನೆಟ್ಟ.

ಮಿಲ್ಲಿನಲ್ಲಿ ಇದನ್ನು ಬಾಯಿಬಿಡಬಾರದಿತ್ತು, ಬಿಟ್ಟ. ಜೊತೆಗಾರ ಚಿತ್ರಲಿಂಗಪ್ಪ ಬಹಳ ಗಂಭೀರವಾಗಿ ಕೇಳಿಸಿಕೊಂಡು, "ಯಾಲಕ್ಕಿನೂ ಒಂದೀಟು ಹಾಕಲೇ. ಎಲೆ ಅಡಿಕೆ ನಾನು ತರ್ತೀನಿ, ಬೀಡಾ ಅಂಗಡಿ ಇಡಾಣ" ಎಂದ. ಅಂದಿನಿಂದ ಎಲ್ಲರೂ ಲವಂಗದ ಯೋಗಕ್ಷೇಮ ವಿಚಾರಿಸತೊಡಗಿದರು. ಮೂರ್ತಪ್ಪ ಅದನ್ನು ಹೊಟ್ಟೆಕಿಚ್ಚೆಂದು ತಿಳಿದ.

ಮೆಂತ್ಯ ಬೇಗ ಎದ್ದಿತು, ಹಿಂದೆಯೇ ಸಾಸಿವೆ. ಮಿಕ್ಕವು ಮಲಗಿಯೇ ಇದ್ದವು. ಬೀದಿ ನಲ್ಲಿಯಲ್ಲಿ ಹಿಡಿದ ಮೊದಲ ಚೊಂಬು ನೀರು ಲವಂಗಕ್ಕೆ, ಆಮೇಲೆ ಅವನ ಸ್ನಾನಕ್ಕೆ. ಎಳೆಬಿಸಿಲಲ್ಲಿ ಡಬ್ಬದ ಪಕ್ಕ ಕೂತರೆ ಮರವೇ ಕಾಣುತ್ತಿತ್ತು. ಅದು ಹೆಂಚು ದಾಟಿ, ಬಂಡೆ ದಾಟಿ, ಕೋಟೆಯ ಗೋಡೆಗೆ ಕೈ ಚಾಚುತ್ತಿತ್ತು. ಕೆಳಗಿನ ಕೊಂಬೆಗೆ ಕಟ್ಟಿದ ತೊಟ್ಟಿಲಲ್ಲಿ ಕೂಸು ತೂಗುತ್ತಿತ್ತು. ಹೊಸದುರ್ಗ, ಹೊಳಲ್ಕೆರೆಯ ಬಸ್ಸುಗಳು ನಿಧಾನವಾಗಿ, ಜನರೆಲ್ಲ ಕಿಟಕಿಯಿಂದ ಮೂಗು ಚಾಚುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಬರಗೇರಮ್ಮ ಹೇಳದೆ ಕೇಳದೆ ಬಂದಳು. ಚೀಲ ಕೆಳಗಿಡದೆ ಜಗಲಿಯತ್ತ ನಡೆದಳು. ಮೆಂತ್ಯದ ಕುಡಿ ಚಿವುಟಿ ಅಗಿದಳು. ಪಕ್ಕದ ಡಬ್ಬದಿಂದ ಕೊತ್ತಂಬರಿ ಕಾಳೊಂದನ್ನು ಕೆದಕಿ ಮೂಸಿ, ಇದು ಸಾರಿನ ಪುಡಿಗೆ ಹುರಿದಿಟ್ಟದ್ದು ಎಂದಳು. ಜೀರಿಗೆಯನ್ನು ನೋಡಿ ನಿಟ್ಟುಸಿರುಬಿಟ್ಟಳು. ಕೊನೆಗೆ ದೊಡ್ಡ ಡಬ್ಬದ ಮುಂದೆ ನಿಂತಳು.

"ಇದರಾಗೆ ಏನೈತಪ್ಪ?"

ಸುಳ್ಳು ಹೇಳಬಹುದಿತ್ತು. ಆದರೆ ಮೂರ್ತಪ್ಪನಿಗೆ ಯಾವ ಸುಳ್ಳೂ ಹೊಳೆಯಲಿಲ್ಲ.

"ಲವಂಗ, ಅತ್ತೆ."

ಅವಳು ಒಂದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡಳು. ನೆನೆದು ಉಬ್ಬಿ ಕರ್ರಗಾಗಿತ್ತು. "ಇದು ಮೊಗ್ಗು ಕಣೋ. ಒಣಗಿಸಿದ ಮೊಗ್ಗು. ಹುಟ್ಟಲ್ಲ ಇದು. ಯಾವಾಗಿಂದ ನೀರು ಹಾಕ್ತಿದೀಯ?"

"ದೀಪಾವಳಿಯಿಂದ."

"ದಿನಾ?"

"ಒಂದಿನಾನೂ ತಪ್ಪಿಸಿಲ್ಲ."

ಬರಗೇರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಕುಲುಕಿದವು. ಮಗಳ ಹಣೆಬರಹ ನೆನೆದು ಅಳುತ್ತಿದ್ದಾಳೆಂದೇ ಮೂರ್ತಪ್ಪ ತಿಳಿದ. ಅವಳು ಒಂದು ಹಿಡಿ ಮೆಂತ್ಯ ಕಿತ್ತುಕೊಂಡು, ಟೀಯನ್ನೂ ಕುಡಿಯದೆ ಹಿರಿಯೂರಿನ ಬಸ್ಸು ಹತ್ತಿದಳು. ಆಮೇಲೆ ಮಿಲ್ಲಿನಲ್ಲಿ ಹತ್ತಿ ಬರೀ ಹತ್ತಿಯಾಗಿ ಕಂಡಿತು.

ಮುಂದಿನ ವಾರ ಸಿದ್ದಕ್ಕ ಬಸ್ಸಿಳಿದಳು. ಕೂಸು ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಅವ್ವ ಹೇಗೆ ಒಪ್ಪಿದಳೆಂದು ಕೇಳಲು ಮೂರ್ತಪ್ಪನಿಗೆ ಧೈರ್ಯ ಸಾಲಲಿಲ್ಲ, ಅವಳೇ ಹೇಳಿದಳು.

"'ಸತ್ತ ಮೊಗ್ಗಿಗೆ ಇಷ್ಟು ದಿನ ನೀರು ಹೊಯ್ದೋನು, ಕೂಸನ್ನ ಒಣಗಾಕೆ ಬಿಡ್ತಾನಾ? ನಡಿ' ಅಂದ್ಲು."

ಸಂಜೆ ಅವಳು ತವರಿಂದ ತಂದ ಕೊತ್ತಂಬರಿ ಬೀಜವನ್ನು ಕಲ್ಲಿನ ಮೇಲೆ ಹರಡಿ, ಚಪ್ಪಲಿಯ ಅಟ್ಟೆಯಿಂದ ಮೆಲ್ಲಗೆ ಉಜ್ಜಿ ಎರಡೆರಡು ಹೋಳು ಮಾಡಿದಳು. ಬಿತ್ತಲು ಡಬ್ಬ ಕೊಡು ಎಂದಳು. ಮೂರ್ತಪ್ಪ ಮಣ್ಣು ಕೆದಕಿ ಒಂದೊಂದಾಗಿ ತಂದುಕೊಟ್ಟ, ದೊಡ್ಡದೊಂದನ್ನು ಬಿಟ್ಟು. ಸಿದ್ದಕ್ಕ ಅದರತ್ತ ನೋಡಿದಳು, ಗಂಡನ ಹುಬ್ಬಿನ ಮೇಲಿನ ಹತ್ತಿಯನ್ನೂ ನೋಡಿದಳು, ಆ ಡಬ್ಬವನ್ನು ಮಾತ್ರ ಕೇಳಲಿಲ್ಲ.